ಕಡಲೆಬೀಜದ ಎಣ್ಣೆ ತೆಗೆಯಲು ಕಿಣ್ವ: ಕಷ್ಟ ಇರುವುದು ಎಲ್ಲಿ?

ಮೊದಲು ಒಂದು ಮಾತು ಗಟ್ಟಿ ಮಾಡಿಕೊಳ್ಳಿ. ಇಲ್ಲಿ ಕಿಣ್ವ (ಎನ್‌ಜೈಮ್, ಅಂದರೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ಪ್ರೋಟೀನ್) ಎಣ್ಣೆಯನ್ನು ಮುಟ್ಟುವುದಿಲ್ಲ, ಎಣ್ಣೆಯನ್ನು ಹಿಡಿದಿಟ್ಟಿರುವುದನ್ನು ಕಡಿಯುತ್ತದೆ. ಎಣ್ಣೆಯನ್ನೇ ಒಡೆಯುವ ಕಿಣ್ವ ಲೈಪೇಸ್. ಅದು ಬಂದು ಸೇರಿದರೆ ಕೊಬ್ಬಿನಾಮ್ಲಗಳು ಬಿಡುಗಡೆಯಾಗಿ ಎಣ್ಣೆ ಕೆಡುತ್ತದೆ.

ಕಡಲೆಬೀಜದ ತೂಕದಲ್ಲಿ ಹೆಚ್ಚುಕಮ್ಮಿ ಅರ್ಧ ಎಣ್ಣೆ, ಕಾಲು ಭಾಗ ಪ್ರೋಟೀನ್. ಜೀವಕೋಶದೊಳಗೆ ಎಣ್ಣೆ ಒಂದೆರಡು ಮೈಕ್ರೋಮೀಟರ್ ಅಗಲದ ಹನಿಗಳಾಗಿ ಕೂತಿರುತ್ತದೆ. ಪ್ರತಿ ಹನಿಗೂ ಫಾಸ್ಫೋಲಿಪಿಡ್ ಎಂಬ ಕೊಬ್ಬಿನಂಥ ವಸ್ತುವಿನ ಪೊರೆ, ಆ ಪೊರೆಯಲ್ಲಿ ನಾಟಿಕೊಂಡ ಓಲಿಯೋಸಿನ್ ಎಂಬ ಪ್ರೋಟೀನ್. ಹನಿಗಳು ಒಂದಕ್ಕೊಂದು ಕೂಡದಂತೆ ತಡೆಯುವುದು ಇದೇ. ಇದೆಲ್ಲದರ ಹೊರಗೆ ಸೆಲ್ಯುಲೋಸ್, ಹೆಮಿಸೆಲ್ಯುಲೋಸ್, ಪೆಕ್ಟಿನ್‌ಗಳ ಗೋಡೆ.

ಗಾಣದಲ್ಲಿ ಎಷ್ಟು ಹಿಂಡಿದರೂ ಹಿಂಡಿಯಲ್ಲಿ ಎಣ್ಣೆ ಉಳಿಯುತ್ತದೆ. ಹೆಕ್ಸೇನ್ ಹಾಕಿದರೆ ಉಳಿಯುವುದು ಶೇ 1ರ ಆಸುಪಾಸು. ಆದರೆ ಹೆಕ್ಸೇನ್ ಬೇಗ ಬೆಂಕಿ ಹಿಡಿಯುವ ದ್ರಾವಕ, ಅದನ್ನು ಕಾಯಿಸಿ ಓಡಿಸಬೇಕು. ಆ ಬಿಸಿಗೆ ಹಿಂಡಿಯ ಪ್ರೋಟೀನ್ ಸೊರಗುತ್ತದೆ. ನೀರು ಮತ್ತು ಕಿಣ್ವದ ದಾರಿಯಲ್ಲಿ ಎಣ್ಣೆಯ ಜೊತೆ ಪ್ರೋಟೀನ್ ಕೂಡ ಚೆನ್ನಾಗಿ ಸಿಗುತ್ತದೆ. ನನ್ನ ಪ್ರಕಾರ ಇದರ ನಿಜವಾದ ಬೆಲೆ ಇರುವುದೇ ಅಲ್ಲಿ.

ವಿಧಾನ ಸರಳ. ಬೀಜ ಅರೆದು ಸುಮಾರು ಐದು ಪಟ್ಟು ನೀರು ಸೇರಿಸಿ, ಪಿಎಚ್ (ಹುಳಿ-ಕ್ಷಾರದ ಅಳತೆ) ಹೊಂದಿಸಿ, ಕಿಣ್ವ ಹಾಕಿ, 50 ಡಿಗ್ರಿ ಸೆಲ್ಸಿಯಸ್ ಹತ್ತಿರ ಕೆಲವು ಗಂಟೆ ಕಲಕುತ್ತಾರೆ. ಗೋಡೆ ಕಡಿಯುವ ಸೆಲ್ಯುಲೇಸ್, ಪೆಕ್ಟಿನೇಸ್‌ಗಳಿಗೆ ಸಾಮಾನ್ಯವಾಗಿ ಪಿಎಚ್ 5ರ ಆಸುಪಾಸಿನ ಹುಳಿ ಬೇಕು. ಪ್ರೋಟೀನ್ ಕಡಿಯುವ ಕಿಣ್ವವಾದ ಕ್ಷಾರೀಯ ಪ್ರೋಟಿಯೇಸ್‌ಗೆ 8ರ ಮೇಲೆ ಬೇಕು. ಹಾಗಾಗಿ ಎರಡನ್ನೂ ಸುಮ್ನೆ ಒಟ್ಟಿಗೆ ಸುರಿದರೆ ಒಂದು ಕೆಲಸ ಮಾಡುವುದಿಲ್ಲ, ಒಂದಾದ ಮೇಲೆ ಒಂದು ಹಾಕಬೇಕು. ಕಡಲೆಬೀಜದಲ್ಲಿ ಪ್ರೋಟೀನ್ ಜಾಸ್ತಿ ಅಲ್ವಾ, ಅದಕ್ಕೇ ಪ್ರೋಟಿಯೇಸ್‌ಗೆ ಮುಖ್ಯ ಪಾತ್ರ.

ಈಗ ಕಷ್ಟದ ಭಾಗ. ಕಲಕಿದ್ದನ್ನು ಸೆಂಟ್ರಿಫ್ಯೂಜ್‌ನಲ್ಲಿ (ಜೋರಾಗಿ ತಿರುಗಿಸಿ ಪದರಗಳನ್ನು ಬೇರ್ಪಡಿಸುವ ಯಂತ್ರ) ತಿರುಗಿಸಿದ ಮೇಲೆ ಕೊಳವೆಯನ್ನು ನೋಡಿ. ಮೇಲೆ ತಿಳಿ ಎಣ್ಣೆ, ಅದರ ಕೆಳಗೆ ಬಿಳಿಯ ದಪ್ಪ ಪದರ, ಆಮೇಲೆ ನೀರು, ತಳದಲ್ಲಿ ಚರಟ. ಆ ಬಿಳಿ ಪದರ ಎಮಲ್ಷನ್, ಅಂದರೆ ಎಣ್ಣೆಯ ಸಣ್ಣ ಹನಿಗಳು ನೀರಿನಲ್ಲಿ ಬೇರೆಯಾಗದೆ ಬೆರೆತು ನಿಂತ ಮಿಶ್ರಣ. ಕೆನೆಯಲ್ಲಿ ಬೆಣ್ಣೆ ಅಡಗಿದ ಹಾಗೆ ಅದರಲ್ಲಿ ಎಣ್ಣೆ ಸಿಕ್ಕಿಕೊಂಡಿರುತ್ತದೆ. ಗೋಡೆ ಒಡೆದರೂ, ಬಿಡುಗಡೆಯಾದ ಪ್ರೋಟೀನ್ ಹನಿಗಳನ್ನು ಮತ್ತೆ ಸುತ್ತಿಕೊಂಡಿದೆ. ಬೀಜವನ್ನು ತುಂಬಾ ನುಣ್ಣಗೆ ಅರೆದರೆ ಈ ಪದರ ಇನ್ನೂ ಗಟ್ಟಿಯಾಗುತ್ತದೆ. ತರಿತರಿಯಾಗಿ ಬಿಟ್ಟರೆ ಕಿಣ್ವ ಒಳಗೆ ತಲುಪುವುದಿಲ್ಲ.

ಬಿಡಿಸುವ ಒಂದು ದಾರಿ ಮತ್ತೆ ಪ್ರೋಟಿಯೇಸ್. ಪ್ರೋಟೀನ್ ಸಣ್ಣ ತುಂಡುಗಳಾದರೆ ಹನಿಯ ಮೇಲೆ ಗಟ್ಟಿ ಪೊರೆ ಕಟ್ಟಲಾರದು. ಇನ್ನೊಂದು, ತುಂಬಾ ತಣ್ಣಗೆ ಮಾಡಿ ಹೆಪ್ಪುಗಟ್ಟಿಸಿ ಕರಗಿಸುವುದು. ಹೆಪ್ಪುಗಟ್ಟುವಾಗ ಮೂಡುವ ಹರಳುಗಳು ಪೊರೆಯನ್ನು ಚುಚ್ಚುತ್ತವೆ, ಕರಗುವಾಗ ಹನಿಗಳು ಕೂಡಿಕೊಳ್ಳುತ್ತವೆ.

ನೀರನ್ನೇ ಕಡಿಮೆ ಮಾಡಿದರೆ? ಅದೂ ಇದೆ. ಬೀಜಕ್ಕೆ ಕಿಣ್ವದ ನೀರು ಚಿಮುಕಿಸಿ, ಕೆಲವು ಗಂಟೆ ಇಟ್ಟು, ಒಣಗಿಸಿ, ಗಾಣಕ್ಕೆ ಹಾಕುತ್ತಾರೆ. ಆಗ ಎಮಲ್ಷನ್ ತೊಂದರೆಯಿಲ್ಲ. ಆದರೆ ಅಷ್ಟು ಕಡಿಮೆ ತೇವದಲ್ಲಿ ಕಿಣ್ವ ನಿಧಾನವಾಗಿ ಕೆಲಸ ಮಾಡುತ್ತದೆ, ಒಣಗಿಸುವ ಖರ್ಚೂ ಮೇಲೆ ಬೀಳುತ್ತದೆ.