ತಲೆಗೆ ಪೆಟ್ಟು ಬಿದ್ದ ಮೇಲೆ ಬರುವ ಸಿಟ್ಟು, ಸುಸ್ತು

ಬೆಂಗಳೂರಿನಲ್ಲಿ ತಲೆಗೆ ಪೆಟ್ಟು ಮಾಡಿಕೊಂಡು ಪುನರ್ವಸತಿಗೆ, ಅಂದರೆ ದಿನನಿತ್ಯದ ಬದುಕಿಗೆ ಮರಳಿಸುವ ಚಿಕಿತ್ಸೆಗೆ, ಬರುವವರಲ್ಲಿ ಬೈಕ್, ಸ್ಕೂಟರ್ ಸವಾರರೇ ಹೆಚ್ಚು, ಅದರಲ್ಲೂ ದುಡಿಯುವ ವಯಸ್ಸಿನ ಗಂಡಸರು. ಡಿಸ್ಚಾರ್ಜ್ ಆಗಿ ಎರಡು ಮೂರು ತಿಂಗಳಿಗೆ ಮನೆಯವರ ದೂರು ಬಹುತೇಕ ಒಂದೇ: "ಕೈಕಾಲು ಸರಿಯಾಗಿದೆ ಮೇಡಂ, ಮಾತೆತ್ತಿದ್ರೆ ರೇಗ್ತಾನೆ. ಹೇಳದಿದ್ರೆ ಸ್ನಾನಕ್ಕೂ ಏಳಲ್ಲ."

ದಯವಿಟ್ಟು ಇದನ್ನು ಸೋಮಾರಿತನ, ಕೊಬ್ಬು ಎನ್ನಬೇಡಿ. ತಲೆ ರಸ್ತೆಗೆ ಬಡಿದಾಗ ಮಿದುಳು ಬುರುಡೆಯೊಳಗೇ ಅಲುಗಾಡಿ, ಹಣೆಯ ಹಿಂದಿನ ಭಾಗ ಒಳಗಿನ ಒರಟು ಮೂಳೆಗೆ ಉಜ್ಜುತ್ತದೆ. ಕೆಲಸಕ್ಕೆ ಕೈಹಚ್ಚುವುದು, ಸಿಟ್ಟು ತಡೆಯುವುದು, ಮುಂದಿನದನ್ನು ಯೋಚಿಸುವುದು ಆ ಭಾಗದ ಹೊಣೆ. ನರತಂತುಗಳು ಎಳೆದು ಹರಿದಿದ್ದರೆ ಸಿಟಿ ಸ್ಕ್ಯಾನ್‌ನಲ್ಲಿ ಕಾಣದೆಯೂ ಇರಬಹುದು. ಹಾಗಾಗಿ 'ಸ್ಕ್ಯಾನ್ ನಾರ್ಮಲ್' ಎಂದರೆ ಅವನು ನಾಟಕ ಆಡುತ್ತಿದ್ದಾನೆ ಎಂದಲ್ಲ. ತನಗೇನೂ ಆಗಿಲ್ಲ ಎಂದು ಅವನು ಹಟ ಹಿಡಿಯುವುದೂ ಎಷ್ಟೋ ಸಲ ಪೆಟ್ಟಿನದೇ ಪರಿಣಾಮ.

ಆಸ್ಪತ್ರೆಯ ಕಾಗದದಲ್ಲಿ ಗ್ಲಾಸ್ಗೋ ಕೋಮಾ ಸ್ಕೇಲ್ ಎಂದು, ರೋಗಿಗೆ ಎಷ್ಟು ಎಚ್ಚರವಿತ್ತು ಎಂದು ತೋರಿಸುವ, 3ರಿಂದ 15ರವರೆಗಿನ ಒಂದು ಅಂಕಿ ಇರುತ್ತದೆ. 8 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಪೆಟ್ಟು ತೀವ್ರ. ನಾನು ಅದರ ಜೊತೆಗೆ ಇನ್ನೊಂದನ್ನು ಕೇಳುತ್ತೇನೆ: ಎಚ್ಚರವಾದ ಮೇಲೆ ಎಷ್ಟು ದಿನ ಹೊಸ ಸಂಗತಿ ನೆನಪಿನಲ್ಲಿ ನಿಲ್ಲಲಿಲ್ಲ? ಆ ಅವಧಿ ಉದ್ದವಾದಷ್ಟೂ ಚೇತರಿಕೆ ನಿಧಾನ.

ಪುನರ್ವಸತಿ ಎಂದರೆ ಫಿಸಿಯೋಥೆರಪಿ ಮಾತ್ರ ಅಲ್ಲ. ಕಾಫಿ ಮಾಡುವುದನ್ನೇ ತೆಗೆದುಕೊಳ್ಳಿ. ಹಾಲು, ಡಿಕಾಕ್ಷನ್, ಸಕ್ಕರೆ, ಗ್ಯಾಸ್ ಆಫ್: ಈ ಕ್ರಮವನ್ನು ಬರೆದು ಅಡುಗೆಮನೆ ಗೋಡೆಗೆ ಅಂಟಿಸಿ, ದಿನಾ ಅವನೇ ಮಾಡಲಿ. ಆಮೇಲೆ ಚೀಟಿ ಹಿಡಿದು ಅಂಗಡಿಗೆ. ಆಮೇಲೆ, ಮೊದಲು ಜೊತೆಗೊಬ್ಬರಿದ್ದು, ಬಿಎಂಟಿಸಿ ಬಸ್ಸಿನಲ್ಲಿ ಮೆಜೆಸ್ಟಿಕ್‌ಗೆ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ, ಟಿವಿ ಆರಿಸಿ. ಮಧ್ಯಾಹ್ನದ ಸುಸ್ತಿಗೆ ಮಲಗಲು ಬಿಡಿ. ರೇಗಿದಾಗ ವಾದಕ್ಕಿಳಿಯದೆ ಸ್ವಲ್ಪ ಹೊತ್ತು ದೂರ ಸರಿಯಿರಿ.

ಕುಡಿತ ಬೇಡವೇ ಬೇಡ. ಫಿಟ್ಸ್ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ವೈದ್ಯರು ಹೇಳುವವರೆಗೆ ಗಾಡಿ ಓಡಿಸಕೂಡದು. ಕೆಲಸಕ್ಕೆ ಮರಳುವಾಗ ಅರ್ಧ ದಿನದಿಂದ ಶುರುಮಾಡಲಿ.

ಮೊದಲ ಆರು ತಿಂಗಳು ಸುಧಾರಣೆ ಬೇಗ ಕಾಣುತ್ತದೆ, ನಿಜ. ಆದರೆ ಅಲ್ಲಿಗೆ ಮುಗಿಯಿತೆಂದು ಕೈಬಿಟ್ಟ ಮನೆಗಳನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ವರ್ಷ ಕಳೆದ ಮೇಲೂ ಕಲಿತವರಿದ್ದಾರೆ. ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ನರ ಪುನರ್ವಸತಿ ವಿಭಾಗವಿದೆ. ಹೋಗುವ ಮುನ್ನ ಒಂದು ವಾರ ಅವನ ನಿದ್ದೆ, ಸಿಟ್ಟು, ಮರೆವು ಎಲ್ಲ ಬರೆದಿಡಿ. ನೋಡಿಕೊಳ್ಳುವ ಹೆಂಡತಿಯೋ ಅಮ್ಮನೋ ಎಷ್ಟು ನಿದ್ದೆ ಮಾಡಿದರು ಎಂಬುದನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ವೈದ್ಯರಿಗೆ ಅದೂ ಬೇಕು.