ಶೂನ್ಯ ಬಿಲ್ಲಿನ ಊರಿನಲ್ಲಿ ವಿದ್ಯುತ್ತಿನ ಲೆಕ್ಕ

ಮಂಗಳೂರು, ಉಡುಪಿ ಕಡೆಯ ಶಾಲೆಗಳಲ್ಲಿ ಸಾಮಾನ್ಯವಾಗಿ ಜಗಲಿಯ ಮೂಲೆಯಲ್ಲೋ ಮುಖ್ಯೋಪಾಧ್ಯಾಯರ ಕೋಣೆಯ ಹೊರಗೋಡೆಯಲ್ಲೋ ವಿದ್ಯುತ್ ಮೀಟರ್ ನೇತಾಡುತ್ತಿರುತ್ತದೆ. ಅದರ ಮುಖದ ಮೇಲೆ ಪುಟ್ಟದೊಂದು ಕೆಂಪು ದೀಪ ಮಿಣುಕುತ್ತದೆ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 3200 ಎಂದೋ 1600 ಎಂದೋ ಬರೆದಿರುತ್ತದೆ. ಒಂದು ಯೂನಿಟ್ ವಿದ್ಯುತ್ ಖರ್ಚಾಗುವಷ್ಟರಲ್ಲಿ ದೀಪ ಎಷ್ಟು ಸಲ ಮಿಣುಕುತ್ತದೆ ಎಂಬುದೇ ಆ ಸಂಖ್ಯೆ. ಎಂಟನೇ ತರಗತಿಯ ಭೌತವಿಜ್ಞಾನಕ್ಕೆ ಇದಕ್ಕಿಂತ ಅಗ್ಗದ ಪ್ರಯೋಗಾಲಯ ಸಿಗಲಾರದು.

ಒಂದು ಯೂನಿಟ್ ಎಂದರೆ 1000 ವ್ಯಾಟಿನ ಉಪಕರಣ ಒಂದು ಗಂಟೆಯಲ್ಲಿ ಎಳೆಯುವ ಶಕ್ತಿ, ಅಂದರೆ 36 ಲಕ್ಷ ಜೂಲ್. 3200ರಿಂದ ಭಾಗಿಸಿದರೆ ಒಂದು ಮಿಣುಕಿಗೆ 1125 ಜೂಲ್. ಎರಡು ಮಿಣುಕುಗಳ ನಡುವಿನ ಸೆಕೆಂಡುಗಳನ್ನು ಅಳೆದು 1125ನ್ನು ಅದರಿಂದ ಭಾಗಿಸಿದರೆ ಆ ಕ್ಷಣದಲ್ಲಿ ಶಾಲೆ ಎಷ್ಟು ವ್ಯಾಟ್ ಎಳೆಯುತ್ತಿದೆ ಎಂದು ತಿಳಿಯುತ್ತದೆ. ಹಳೆಯ ಮಾದರಿಯ 75 ವ್ಯಾಟಿನ ಫ್ಯಾನ್ ಒಂದೇ ತಿರುಗುತ್ತಿದ್ದರೆ ಹದಿನೈದು ಸೆಕೆಂಡಿಗೊಮ್ಮೆ ಮಿಣುಕು. 2000 ವ್ಯಾಟಿನ ಗೀಸರ್ ಹಾಕಿದರೆ ಸೆಕೆಂಡಿಗೆ ಹೆಚ್ಚುಕಡಿಮೆ ಎರಡು. ಮೀಟರನ್ನು ಮುಟ್ಟುವ ಅಗತ್ಯವೇ ಇಲ್ಲ, ಮುಟ್ಟಲೂ ಬಾರದು. ದೂರ ನಿಂತು ಕೈಗಡಿಯಾರ ನೋಡಿದರೆ ಸಾಕು.

ಸಂಜೆ ಶಾಲೆ ಬಿಟ್ಟ ಮೇಲೆ, ಎಲ್ಲ ಸ್ವಿಚ್ಚುಗಳನ್ನು ಆರಿಸಿದ ನಂತರ ಇದೇ ಪ್ರಯೋಗ ಮಾಡಿದರೆ ಇನ್ನೂ ಚೆನ್ನ. ದೀಪ ಮಿಣುಕುತ್ತಲೇ ಇದ್ದರೆ ಯಾವುದೋ ಒಂದು ಉಪಕರಣ ಕತ್ತಲಲ್ಲೂ ಉಣ್ಣುತ್ತಿದೆ ಎಂದು ಅರ್ಥ. ಕಂಪ್ಯೂಟರ್ ಕೋಣೆಯ ಯುಪಿಎಸ್, ನೀರು ಶುದ್ಧೀಕರಣ ಯಂತ್ರ, ಮೋಡೆಮ್, ಸಿಸಿಟಿವಿ, ಪ್ರೊಜೆಕ್ಟರ್ ಹೀಗೆ ಒಂದೊಂದನ್ನೇ ಕಳಚುತ್ತ ಹೋಗಿ ಕಳ್ಳನನ್ನು ಹಿಡಿಯುವುದು ಮಕ್ಕಳಿಗೆ ಪತ್ತೇದಾರಿ ಆಟ. ಬರೇ 40 ವ್ಯಾಟ್ ಎಂದು ಉದಾಸೀನ ಮಾಡುವಂತಿಲ್ಲ. ಅದು ಹಗಲುರಾತ್ರಿ ವರ್ಷಪೂರ್ತಿ ಓಡಿದರೆ 350 ಯೂನಿಟ್. ನಾಲ್ಕು ಹಳೆಯ ಫ್ಯಾನುಗಳಿರುವ ತರಗತಿಯೊಂದು ದಿನಕ್ಕೆ ಆರು ಗಂಟೆಯಂತೆ 200 ದಿನ ಗಾಳಿ ಪಡೆಯಲು ಬಳಸುವುದೂ ಸುಮಾರು ಅಷ್ಟೇ, 360 ಯೂನಿಟ್.

ಫ್ಯಾನಿನ ವಿಷಯ ಬಂದದ್ದರಿಂದ ಅಲ್ಲೇ ಸ್ವಲ್ಪ ನಿಲ್ಲುತ್ತೇನೆ. ಫ್ಯಾನ್ ಕೋಣೆಯನ್ನು ತಂಪು ಮಾಡುವುದಿಲ್ಲ. ಅದು ಎಳೆದ 75 ವ್ಯಾಟ್ ಕೊನೆಗೆ ಶಾಖವಾಗಿ ಅದೇ ಕೋಣೆಗೆ ಸೇರುತ್ತದೆ. ತಂಪಾಗುವುದು ನಮ್ಮ ಚರ್ಮ. ಬೆವರು ಆವಿಯಾಗುವಾಗ ಮೈಯ ಶಾಖವನ್ನು ಹೊತ್ತೊಯ್ಯುತ್ತದೆ. ಕರಾವಳಿಯ ಗಾಳಿಯಲ್ಲಿ ತೇವ ಮೊದಲೇ ತುಂಬಿರುವುದರಿಂದ ಬೆವರು ಆರುವುದು ನಿಧಾನ. ಮೈಗಂಟಿದ ಒದ್ದೆ ಗಾಳಿಯನ್ನು ತಳ್ಳಿ ಹೊಸ ಗಾಳಿ ತರುವ ಫ್ಯಾನ್ ಇಲ್ಲಿ ಅಷ್ಟೊಂದು ಅನಿವಾರ್ಯವಾಗಿರುವುದು ಇದಕ್ಕಾಗಿ. ಜನರಿಲ್ಲದ ತರಗತಿಯಲ್ಲಿ ಫ್ಯಾನ್ ತಿರುಗಿದರೆ ಬೆಂಚುಗಳು ಒಂದಿಷ್ಟು ಬೆಚ್ಚಗಾಗುತ್ತವೆ, ಅಷ್ಟೆ.

ಸೀಲಿಂಗ್ ಫ್ಯಾನುಗಳಿಗೆ ವಿದ್ಯುತ್ ಮಿತವ್ಯಯವನ್ನು ಸೂಚಿಸುವ ನಕ್ಷತ್ರದ ಲೇಬಲ್ 2023ರ ಜನವರಿಯಿಂದ ಕಡ್ಡಾಯವಾಗಿದೆ. ಬಿಎಲ್‌ಡಿಸಿ ಎಂಬ ಹೊಸ ಬಗೆಯ ಮೋಟಾರಿನ ಫ್ಯಾನ್ 30 ವ್ಯಾಟ್ ಆಸುಪಾಸಿನಲ್ಲೇ ಅದೇ ಗಾಳಿ ಕೊಡುತ್ತದೆ. ಹಾಗಾದರೆ ಶಾಲೆಯ ಫ್ಯಾನುಗಳನ್ನೆಲ್ಲ ಇಂದೇ ಕಿತ್ತುಹಾಕಬೇಕೇ? ಲೆಕ್ಕ ಹಾಕೋಣ. ದಿನಕ್ಕೆ ಆರು ಗಂಟೆ, ವರ್ಷಕ್ಕೆ 200 ದಿನ ಎಂದರೆ 1200 ಗಂಟೆ. 45 ವ್ಯಾಟ್ ಉಳಿದರೆ 54 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಎಂದಿಟ್ಟುಕೊಂಡರೆ 378 ರೂಪಾಯಿ. ಹೊಸ ಫ್ಯಾನಿಗೆ 3000 ರೂಪಾಯಿ ಹಾಕಿದರೆ ಅದು ಮರಳಲು ಎಂಟು ವರ್ಷ ಬೇಕು. ಅದೇ ಫ್ಯಾನ್ ಮನೆಯ ಮಲಗುವ ಕೋಣೆಯಲ್ಲಿ ದಿನಕ್ಕೆ ಹತ್ತು ಗಂಟೆಯಂತೆ 300 ದಿನ ತಿರುಗಿದರೆ 135 ಯೂನಿಟ್ ಉಳಿದು ಮೂರು ವರ್ಷ ಚಿಲ್ಲರೆಯಲ್ಲೇ ದುಡ್ಡು ಬಂದುಬಿಡುತ್ತದೆ. ಶಾಲೆಯಲ್ಲಿ ಹಳೆಯದು ಸುಟ್ಟುಹೋದಾಗ ಹೊಸ ಬಗೆಯದನ್ನು ತರುವುದು ಜಾಣತನ. ಚೆನ್ನಾಗಿ ಓಡುತ್ತಿರುವುದನ್ನು ಇಳಿಸಿ, ದಾನಿಗಳ ಹೆಸರು ಬರೆಸಿ, ಫೋಟೋ ತೆಗೆಸುವ ಅವಸರ ಬೇಡ. ಮಕ್ಕಳು ಈ ಲೆಕ್ಕವನ್ನು ಮನೆಗೆ ಒಯ್ದರೆ ಶಾಲೆಗಿಂತ ಊರಿಗೇ ಹೆಚ್ಚು ಲಾಭ.

ಬೆಳಕಿನ ಕಥೆ ಬೇರೆ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು ಶುರು ಮಾಡಿದ ಹೆಂಚಿನ ಕಾರ್ಖಾನೆಯಿಂದ ನಮ್ಮ ಶಾಲೆಗಳ ಮಾಡು ಕೆಂಪಾಯಿತು. ಆ ಮಾಡಿನ ನಡುವೆ ಅಲ್ಲಲ್ಲಿ ಗಾಜಿನ ಹೆಂಚು ಕೂರಿಸುವ ಪದ್ಧತಿಯಿತ್ತು. ಜುಲೈಯ ಜಡಿಮಳೆಯಲ್ಲೂ ಅದರಿಂದ ಬೆಳಕು ಇಳಿಯುತ್ತಿತ್ತು. ಹೆಂಚುಗಳ ಸಂದಿನಿಂದ ಬಿಸಿಗಾಳಿ ಮೇಲೇರಿ ಹೊರಟುಹೋಗುತ್ತಿತ್ತು. ಕಾಂಕ್ರೀಟ್ ತಾರಸಿ ಬಂದ ಮೇಲೆ ಎರಡೂ ಹೋದವು. ಸೋರುವ ತಾರಸಿಯ ಮೇಲೆ ತಗಡಿನ ಶೀಟು ಹೊದಿಸುವುದು ಈಗ ನಮ್ಮಲ್ಲಿ ಮಾಮೂಲಿ. ಮಳೆಗೆಂದು ಹಾಕಿದ ಆ ಶೀಟು ಬೇಸಿಗೆಯಲ್ಲಿ ಕಾಂಕ್ರೀಟಿಗೆ ನೆರಳಾಗಿ ಕೆಳಗಿನ ತರಗತಿಯ ಕಾವನ್ನೂ ತಗ್ಗಿಸುತ್ತದೆ ಎನ್ನುವುದು ಬಯಸದೆ ಬಂದ ಭಾಗ್ಯ. ಬೆಳಕಿಗೆ ಮಾತ್ರ ಒಂದು ಸುಲಭದ ದುರಸ್ತಿ ಇದೆ. ಬಹಳ ಕಡೆ ಕಿಟಕಿ ಬದಿಯ ಟ್ಯೂಬ್‌ಲೈಟನ್ನೂ ಒಳಬದಿಯದನ್ನೂ ಒಂದೇ ಸ್ವಿಚ್ಚಿಗೆ ಜೋಡಿಸಿರುತ್ತಾರೆ. ಒಳಗಿನ ಸಾಲಿನವರಿಗೆ ಕತ್ತಲಾದರೆ ಕಿಟಕಿ ಪಕ್ಕದ ಹಗಲು ಬೆಳಕಿನಲ್ಲೂ ದೀಪ ಉರಿಯುತ್ತದೆ. ಎಲೆಕ್ಟ್ರಿಷಿಯನ್ ಬಂದು ಕಿಟಕಿಗೆ ಸಮಾನಾಂತರವಾಗಿ ಸಾಲುಗಳನ್ನು ಬೇರ್ಪಡಿಸಿದರೆ ಮುಗಿಯಿತು.

ಇನ್ನು ಊರಿಗೆ ಹೇಳುವುದು ಹೇಗೆ ಎಂಬ ಪ್ರಶ್ನೆ. ಇಲ್ಲೊಂದು ತೊಡಕಿದೆ. ಗೃಹಜ್ಯೋತಿ ಯೋಜನೆ ಬಂದ 2023ರಿಂದ ಲಕ್ಷಾಂತರ ಮನೆಗಳ ಮೆಸ್ಕಾಂ ಬಿಲ್ಲು ಶೂನ್ಯ. ಸರ್ಕಾರಿ ಶಾಲೆಗಳಿಗೂ ವಿದ್ಯುತ್ ಉಚಿತ ಎಂದು ಅದೇ ವರ್ಷ ರಾಜ್ಯೋತ್ಸವದಂದು ಘೋಷಣೆಯಾಯಿತು. ಜರ್ಮನಿಯ ಹ್ಯಾಂಬರ್ಗಿನಲ್ಲಿ 1990ರ ದಶಕದಲ್ಲಿ ಉಳಿತಾಯದ ಹಣದಲ್ಲಿ ಅರ್ಧ ಶಾಲೆಗೇ ಮರಳುವ ಪದ್ಧತಿ ತಂದು ಮಕ್ಕಳನ್ನು ಹುರಿದುಂಬಿಸಿದರು. ನಮ್ಮಲ್ಲಿ ಅರ್ಧ ಹಂಚಲು ಬಿಲ್ಲೇ ಇಲ್ಲ. ಬಡವರ ಮನೆಗೆ ಬೆಳಕು ಬಂದದ್ದಕ್ಕೆ ನನ್ನ ಆಕ್ಷೇಪವೇನೂ ಇಲ್ಲ. ಆದರೆ ‘ದೀಪ ಆರಿಸಿ, ಹಣ ಉಳಿಸಿ’ ಎಂಬ ಹಳೆಯ ಫಲಕವನ್ನು ಇನ್ನೂ ಗೋಡೆಗೆ ಬರೆಸುವುದರಲ್ಲಿ ಹುರುಳಿಲ್ಲ. ಶಾಲೆ ಈಗ ಮಾತಾಡಬೇಕಾದದ್ದು ರೂಪಾಯಿಯಲ್ಲಿ ಅಲ್ಲ, ಯೂನಿಟ್ಟಿನಲ್ಲಿ.

ಯೂನಿಟ್ ಎಷ್ಟು ದೊಡ್ಡದು ಎಂಬ ಅಂದಾಜೇ ನಮಗಿಲ್ಲ. ದಿನವಿಡೀ ಮೈಮುರಿದು ದುಡಿದ ಮನುಷ್ಯನ ತೋಳುಗಳು ಎಂಟು ಗಂಟೆಯಲ್ಲಿ ಮಾಡುವ ಕೆಲಸ ಸುಮಾರು 0.6 ಯೂನಿಟ್. ಒಂದು ಟನ್ ನೀರನ್ನು 367 ಮೀಟರ್ ಎತ್ತರಕ್ಕೆ ಎತ್ತಲು ಬೇಕಾದ ಶಕ್ತಿ ಒಂದು ಯೂನಿಟ್. ಪಡುಬಿದ್ರಿಯ ಹತ್ತಿರ ಎಲ್ಲೂರಿನಲ್ಲಿರುವ 1200 ಮೆಗಾವ್ಯಾಟಿನ ಸ್ಥಾವರ ಹಡಗಿನಲ್ಲಿ ಬಂದ ಕಲ್ಲಿದ್ದಲನ್ನು ಸುಡುತ್ತದೆ. ಅಂಥಲ್ಲಿ ಒಂದು ಯೂನಿಟ್ಟಿಗೆ ಸರಿಸುಮಾರು ಅರ್ಧ ಕಿಲೋ ಕಲ್ಲಿದ್ದಲು ಬೇಕು. ಮನೆಯ ಬಿಲ್ಲು ಶೂನ್ಯವಾದರೂ ಈ ಅರ್ಧ ಕಿಲೋ ಶೂನ್ಯವಾಗುವುದಿಲ್ಲ.

ಅಂದಾಜು ತಪ್ಪುವುದು ನಮ್ಮೂರಿನ ರೋಗ ಮಾತ್ರ ಅಲ್ಲ. ಅಮೆರಿಕದಲ್ಲಿ 505 ಜನರನ್ನು ಕೇಳಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಶಕ್ತಿ ಉಳಿಸಲು ಅತ್ಯುತ್ತಮ ದಾರಿ ಯಾವುದು ಎಂಬ ಪ್ರಶ್ನೆಗೆ ಹೆಚ್ಚು ಜನ ಕೊಟ್ಟ ಉತ್ತರ ದೀಪ ಆರಿಸುವುದು. ಉಪಕರಣಗಳ ಬಳಕೆಯನ್ನು ಅವರು ಸರಾಸರಿ 2.8 ಪಟ್ಟು ಕಡಿಮೆ ಅಂದಾಜಿಸಿದ್ದರು. ದೀಪ ಕಣ್ಣಿಗೆ ಕಾಣುತ್ತದೆ, ಬಿಸಿನೀರು ಕಾಣುವುದಿಲ್ಲ. ಒಬ್ಬರ ಸ್ನಾನಕ್ಕೆ 20 ಲೀಟರ್ ನೀರನ್ನು 27 ಡಿಗ್ರಿಯಿಂದ 42ಕ್ಕೆ ಏರಿಸಲು 0.35 ಯೂನಿಟ್ ಬೇಕು. 9 ವ್ಯಾಟಿನ ಎಲ್‌ಇಡಿ ಬಲ್ಬು ಅಷ್ಟರಲ್ಲಿ ಮೂವತ್ತೆಂಟು ಗಂಟೆ ಉರಿಯುತ್ತದೆ. ನಾಲ್ಕು ಜನರ ಮನೆಯಲ್ಲಿ ಗೀಸರ್ ಸ್ನಾನಕ್ಕೇ ತಿಂಗಳಿಗೆ 42 ಯೂನಿಟ್.

ಹಾಗೆಂದು ತೆಂಗಿನ ಸಿಪ್ಪೆ, ಮಡಲು ಉರಿಸುವ ಬಚ್ಚಲ ಹಂಡೆಯೇ ಸರಿ ಎಂದು ತೀರ್ಪು ಕೊಡುವಷ್ಟು ಸರಳವಲ್ಲ ಇದು. ಹಂಡೆಗೆ ಹೊಗೆಯಿದೆ, ಆ ಹೊಗೆ ಕುಡಿಯುವವರು ಬಹುಪಾಲು ಹೆಂಗಸರು. ಸೋಲಾರ್ ನೀರು ಕಾಯಿಸುವ ಸಾಧನ ಎಂಟು ತಿಂಗಳು ಚೆಂದ, ಮಳೆಗಾಲದಲ್ಲಿ ಮುನಿಸಿಕೊಳ್ಳುತ್ತದೆ. ಮೂರಕ್ಕೂ ವಾದವಿದೆ, ಪ್ರತಿವಾದವಿದೆ. ವೇಷವಿಲ್ಲದೆ ಮಾತಿನಲ್ಲೇ ಪಾತ್ರ ಕಟ್ಟುವ ತಾಳಮದ್ದಳೆಗೆ ಇದಕ್ಕಿಂತ ಒಳ್ಳೆಯ ಪ್ರಸಂಗ ಬೇಕೇ? ಶಾಲಾ ವಾರ್ಷಿಕೋತ್ಸವದಲ್ಲಿ ಹಂಡೆ, ಗೀಸರ್, ಸೋಲಾರ್ ಮೂವರನ್ನೂ ಅರ್ಥ ಹೇಳಲು ಕೂರಿಸಿ, ಭಾಗವತಿಕೆಗೆ ಒಬ್ಬ ಹುಡುಗಿಯನ್ನು ಕೂರಿಸಿ ನೋಡಿ. ಸಂಖ್ಯೆಗಳನ್ನು ಬಾಯಿಪಾಠ ಮಾಡದೆ ಎದುರಾಳಿಯನ್ನು ಕಟ್ಟಿಹಾಕಲು ಸಾಧ್ಯವಿಲ್ಲದ್ದರಿಂದ ಮಕ್ಕಳು ಲೆಕ್ಕವನ್ನು ತಾವಾಗಿಯೇ ಕಲಿಯುತ್ತಾರೆ. ಮನೆಗೆ ಹೋಗಿ ಅಜ್ಜಿಗೆ ತುಳುವಿನಲ್ಲೋ ಬ್ಯಾರಿಯಲ್ಲೋ ಕೊಂಕಣಿಯಲ್ಲೋ ಅದನ್ನೇ ಮತ್ತೆ ಹೇಳುತ್ತಾರೆ.

ಒಂದು ಎಚ್ಚರಿಕೆ. ಯಾವ ಮನೆ ಎಷ್ಟು ಯೂನಿಟ್ ಬಳಸಿತು ಎಂಬ ಪಟ್ಟಿಯನ್ನು ಶಾಲೆಯ ಫಲಕಕ್ಕೆ ಅಂಟಿಸಬೇಡಿ. ಮಾನ ಹೋಗುತ್ತದೆ ಎಂಬುದಷ್ಟೇ ಕಾರಣವಲ್ಲ. ಕ್ಯಾಲಿಫೋರ್ನಿಯಾದ ಸ್ಯಾನ್ ಮಾರ್ಕೋಸ್ ಪಟ್ಟಣದ ಮನೆಗಳಿಗೆ ನೆರೆಹೊರೆಯ ಸರಾಸರಿ ಬಳಕೆಯನ್ನು ತಿಳಿಸಿ ನೋಡಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಹೆಚ್ಚು ಬಳಸುತ್ತಿದ್ದವರು ಇಳಿಸಿದರು, ಸರಿ. ಕಡಿಮೆ ಬಳಸುತ್ತಿದ್ದವರು ಮಾತ್ರ ‘ಓಹೋ, ನಮಗೆ ಇನ್ನೂ ಅವಕಾಶವಿದೆ’ ಎಂಬಂತೆ ಏರಿಸಿಬಿಟ್ಟರು! ಕಾಗದದ ಮೇಲೆ ಒಂದು ನಗುಮುಖ ಬರೆದು ಭೇಷ್ ಎಂದಾಗ ಆ ಏರಿಕೆ ನಿಂತಿತು. ಪ್ರತಿ ಮಗುವೂ ತನ್ನ ಮನೆಯನ್ನು ತನ್ನ ಮನೆಯ ಕಳೆದ ವರ್ಷದ ಅದೇ ತಿಂಗಳ ಜೊತೆಗೆ ಹೋಲಿಸಿದರೆ ಸಾಕು.

ಹಳ್ಳಿ ಕಡೆಯ ಶಾಲೆಗೆ ಇನ್ನೊಂದು ಪಾಠವಿದೆ, ಅದು ತೋಟದ ಪಂಪು. 10 ಎಚ್‌ಪಿವರೆಗಿನ ಕೃಷಿ ಪಂಪಿಗೂ ವಿದ್ಯುತ್ ಉಚಿತ. 5 ಎಚ್‌ಪಿ ಪಂಪು ಗಂಟೆಗೆ 4ಕ್ಕೂ ಹೆಚ್ಚು ಯೂನಿಟ್ ಎಳೆಯುತ್ತದೆ. ಎರಡು ತರಗತಿಗಳ ಫ್ಯಾನುಗಳು ಇಡೀ ದಿನ ತಿರುಗಿದರೂ ಅಷ್ಟಾಗದು. ಪೈಪಿನಲ್ಲಿ ನೀರಿಗಾಗುವ ಘರ್ಷಣೆ ವ್ಯಾಸದ ಐದನೇ ಘಾತಕ್ಕೆ ವಿಲೋಮವಾಗಿರುತ್ತದೆ. ಎರಡೂವರೆ ಇಂಚಿನ ಪೈಪಿನ ಬದಲು ಎರಡು ಇಂಚಿನದರಲ್ಲಿ ಅಷ್ಟೇ ನೀರು ಹರಿಸಲು ಹೊರಟರೆ ಘರ್ಷಣೆ ಮೂರು ಪಟ್ಟು. ಹೀಗೆ ಹೇಳಿದರೆ ಅಡಿಕೆ ತೋಟದ ಯಜಮಾನರು ಕಿವಿಗೊಡಲಿಕ್ಕಿಲ್ಲ. ‘ಹನಿ ನೀರಾವರಿ ಮಾಡಿದರೆ ಏಪ್ರಿಲ್ ಕೊನೆಯಲ್ಲೂ ಬಾವಿಯಲ್ಲಿ ನೀರಿರುತ್ತದೆ’ ಎಂದರೆ ಕಿವಿ ನಿಮಿರುತ್ತದೆ. ಅವರ ಚಿಂತೆ ನೀರು. ವಿದ್ಯುತ್ತು ಅದರ ಬೆನ್ನಿಗೇ ಉಳಿತಾಯವಾಗುತ್ತದೆ.

ಶೂನ್ಯ ಬಿಲ್ಲಿನ ಮನೆಯವರಿಗೂ ನಾಟುವ ಒಂದು ಸಂಖ್ಯೆಯಿದೆ. ಗೃಹಜ್ಯೋತಿಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿತೆಂದರೆ ಹೆಚ್ಚಾದ ಒಂದು ಯೂನಿಟ್ಟಿಗಲ್ಲ, ಬಳಸಿದ ಅಷ್ಟೂ ಯೂನಿಟ್ಟಿಗೆ ಹಣ ಕಟ್ಟಬೇಕು. ಸೆಕೆ ತಾಳಲಾರದ ಏಪ್ರಿಲ್, ಮೇ ತಿಂಗಳುಗಳಲ್ಲಿ 190ರ ಆಸುಪಾಸಿನ ಮನೆಗಳು ಆ ಗೆರೆಯನ್ನು ಜಿಗಿಯುತ್ತವೆ. ಎರಡು ಹಳೆಯ ಫ್ಯಾನುಗಳನ್ನು ದಿನಕ್ಕೆ ಹತ್ತು ಗಂಟೆ ಓಡಿಸುವ ಮನೆ ಅವುಗಳ ಬದಲು ಬಿಎಲ್‌ಡಿಸಿ ಹಾಕಿದರೆ ತಿಂಗಳಿಗೆ 27 ಯೂನಿಟ್ ಇಳಿದು ಗೆರೆಯ ಈಚೆ ಉಳಿಯುತ್ತದೆ.

ನಮ್ಮ ಶಾಲೆಗಳು ಇಂಧನ ಸಂರಕ್ಷಣೆಯನ್ನು ನೆನೆಯುವುದು ಮಾತ್ರ ಡಿಸೆಂಬರ್ 14ರ ರಾಷ್ಟ್ರೀಯ ದಿನದಂದು. ಕರಾವಳಿಯಲ್ಲಿ ಫ್ಯಾನಿನ ಹಂಗು ಬೇಸಿಗೆಗಿಂತ ಕಡಿಮೆ ಇರುವ ಕಾಲ ಅದು. ಚಿತ್ರ ಬಿಡಿಸುವ ಸ್ಪರ್ಧೆ, ಬಹುಮಾನ, ಭಾಷಣ ಎಲ್ಲ ಮುಗಿದು ನಾಲ್ಕು ತಿಂಗಳಾದ ಮೇಲೆ ಬಿಸಿಲು ಏರುತ್ತದೆ, ಶಾಲೆಗೆ ರಜೆ ಬೀಳುತ್ತದೆ. ದೆಹಲಿಯ ಚಳಿಗೆ ಹೊಂದುವ ದಿನಾಂಕಕ್ಕೆ ನಾವೇಕೆ ಜೋತುಬೀಳಬೇಕೋ ಕಾಣೆ. ಮಾರ್ಚ್ ಮಧ್ಯದಲ್ಲಿ, ಪರೀಕ್ಷೆಗೆ ಮೊದಲು, ಮಿಣುಕು ಎಣಿಸುವುದನ್ನು ಕಲಿಸಿ, ರಜೆಯ ಎರಡು ತಿಂಗಳು ಪ್ರತಿ ಭಾನುವಾರ ಮನೆಯ ಮೀಟರ್ ಓದಿ ಬರೆದಿಡುವ ಕೆಲಸ ಕೊಟ್ಟರೆ ಜೂನ್ ಮೊದಲ ವಾರದಲ್ಲಿ ಗಣಿತದ ಮೇಷ್ಟ್ರಿಗೆ ನಕ್ಷೆ ಬಿಡಿಸಲು ಬೇಕಾದಷ್ಟು ಸಾಮಗ್ರಿ ಸಿಗುತ್ತದೆ.