ಗಂಟು ಹಾಕಿದ್ದು ಗಾಳಿಯಲ್ಲ

ಕೃತಕ ಹುಳ ಕಟ್ಟಿ ಮೀನು ಹಿಡಿಯುವ ಫ್ಲೈ ಫಿಶಿಂಗ್ ಕಲಿಯಲು ಬಂದವರು ಮೊದಲ ವಾರದಲ್ಲೇ ಕೇಳುವ ಪ್ರಶ್ನೆ ಇದು: ತುದಿಯ ಸಣ್ಣ ದಾರದಲ್ಲಿ ತಾನಾಗಿಯೇ ಗಂಟು ಬೀಳುತ್ತಲ್ಲ, ಯಾಕೆ? ಇಂಗ್ಲಿಷಿನಲ್ಲಿ ಇದಕ್ಕೆ ‘ವಿಂಡ್ ನಾಟ್’, ಗಾಳಿಗಂಟು, ಎಂಬ ಹೆಸರು ನಿಂತುಬಿಟ್ಟಿದೆ. ಹೆಸರೇ ಕಲಿಯುವವರ ದಾರಿ ತಪ್ಪಿಸುತ್ತದೆ. ಎಲೆ ಅಲುಗದ ದಿನವೂ ಈ ಗಂಟು ಬೀಳುತ್ತದೆ. ಹಾಕುವುದು ಎಸೆಯುವವರ ಕೈ.

ಮಾಮೂಲಿ ಗಾಳದಲ್ಲಿ ಸೀಸದ ಗುಂಡಿನ ಭಾರ ದಾರವನ್ನು ಎಳೆದುಕೊಂಡು ಹೋಗುತ್ತದೆ. ಇಲ್ಲಿ ಪುಕ್ಕ, ನೂಲು ಸುತ್ತಿ ಹುಳದಂತೆ ಕಟ್ಟಿದ ಗಾಳಕ್ಕೆ, ಅಂದರೆ ಫ್ಲೈಗೆ, ಭಾರವೇ ಇಲ್ಲ. ಭಾರವಿರುವುದು ಮುಖ್ಯ ದಾರಕ್ಕೆ, ಅಂದರೆ ಲೈನಿಗೆ. ತೂಕದ ಲೆಕ್ಕದಲ್ಲಿ 5ನೇ ನಂಬರಿನ ಲೈನಿನ ಮೊದಲ 30 ಅಡಿ 140 ಗ್ರೇನ್, ಅಂದರೆ ಸುಮಾರು 9 ಗ್ರಾಂ ತೂಗುತ್ತದೆ. ಆ 9 ಗ್ರಾಂ ಎಳೆದಾಗ ರಾಡ್ ಬಾಗುತ್ತದೆ, ನಾವು ಕೈ ನಿಲ್ಲಿಸಿದಾಗ ನೆಟ್ಟಗಾಗುತ್ತದೆ, ಲೈನ್ ರಾಡಿನ ತುದಿಯನ್ನು ದಾಟಿ ಮುಂದೆ ಸುರುಳಿ ಬಿಚ್ಚುತ್ತದೆ. ಹಾಗೆ ಹೋಗುವ ಲೈನ್ ಅಡ್ಡ ಮಲಗಿಸಿದ ಇಂಗ್ಲಿಷ್ ‘ಯು’ ಅಕ್ಷರದಂತೆ ಕಾಣುತ್ತದೆ. ಇದೇ ಲೂಪ್. ಮೇಲಿನ ಎಳೆಯ ಕೊನೆಯಲ್ಲಿ ಫ್ಲೈ, ಕೆಳಗಿನ ಎಳೆಯ ಕೊನೆಯಲ್ಲಿ ರಾಡ್.

ರಾಡಿನ ತುದಿ ಹೋದ ದಾರಿಯಲ್ಲೇ ಲೈನ್ ಹೋಗುತ್ತದೆ. ತುದಿ ನೇರ ಗೆರೆಯಲ್ಲಿ ಸಾಗಿದರೆ ಎರಡೂ ಎಳೆ ಒಂದರ ಮೇಲೊಂದು ಸಮನಾಗಿ ಓಡುತ್ತವೆ. ಮಣಿಕಟ್ಟು ಸಡಿಲಬಿಟ್ಟು ತುದಿಯನ್ನು ಕಮಾನಿನಂತೆ ಬೀಸಿದರೆ ಲೂಪ್ ಅಗಲವಾಗಿ, ದೂರ ಹೋಗದೆ ಅಲ್ಲೇ ಕುಸಿಯುತ್ತದೆ. ತುದಿ ನಡುದಾರಿಯಲ್ಲಿ ಒಮ್ಮೆ ತಗ್ಗಿಗೆ ಇಳಿದು ಮತ್ತೆ ಎದ್ದರೆ ಮೇಲಿನ ಎಳೆ ಕೆಳಗಿನದರ ಕೆಳಕ್ಕೆ ಜಾರಿ ಅದನ್ನು ಅಡ್ಡ ಹಾಯುತ್ತದೆ. ಟೇಲಿಂಗ್ ಲೂಪ್ ಎನ್ನುವುದು ಇದನ್ನೇ. ಗಂಟು ಹುಟ್ಟುವುದು ಈ ಅಡ್ಡ ಹಾಯುವಿಕೆಯಲ್ಲಿ.

ತುದಿ ತಗ್ಗಿಗೆ ಇಳಿಯುವುದು ರಾಡ್ ಇದ್ದಕ್ಕಿದ್ದಂತೆ ಹೆಚ್ಚು ಬಾಗಿದಾಗ. ಮೊದಲ ಕಾರಣ, ಎಸೆತದ ಆರಂಭದಲ್ಲೇ ಬಲ ಸುರಿಯುವುದು. ಸುಣ್ಣದಲ್ಲಿ ಅದ್ದಿದ ಕುಂಚವನ್ನು ಕೊಡವಿ ಎದುರಿನ ಗೋಡೆಗೆ ಸುಣ್ಣ ಎರಚುವುದನ್ನು ಯೋಚಿಸಿ. ಮೊದಲೇ ಜಗ್ಗಿದರೆ ಸುಣ್ಣ ನಮ್ಮ ತಲೆ ಮೇಲೆ. ನಿಧಾನ ಶುರುಮಾಡಿ, ವೇಗ ಏರಿಸುತ್ತಾ ಹೋಗಿ, ಕೊನೆಯಲ್ಲಿ ಗಕ್ಕನೆ ನಿಲ್ಲಿಸಿದರೆ ಗೋಡೆಗೆ. ರಾಡಿಗೂ ಇಷ್ಟೇ. ಕಲಿಯುವವರು ವೇಗದ ಕಡೆ ಗಮನ ಕೊಡುತ್ತಾರೆ, ನಿಲ್ಲಿಸುವುದನ್ನು ಮರೆಯುತ್ತಾರೆ.

ಎರಡನೆಯದು, ಲೈನ್ ಉದ್ದವಾದರೂ ರಾಡ್ ತಿರುಗುವ ಕೋನ ಹಾಗೇ ಉಳಿಯುವುದು. 20 ಅಡಿ ಲೈನಿಗೆ ಗಡಿಯಾರದ 11ರಿಂದ 1ರವರೆಗಿನ ಅಂತರ ಸಾಕಾದೀತು. 50 ಅಡಿಗೆ ಅದು ಹೆಚ್ಚುಕಮ್ಮಿ 10ರಿಂದ 2ರಷ್ಟು ಹರಡಬೇಕು. ಲೈನ್ ಉದ್ದವಾದಷ್ಟೂ, ಹಿಂದಕ್ಕೆ ಬೀಸಿದ ಮೇಲೆ ಅದು ಬಿಚ್ಚಿಕೊಳ್ಳಲು ಕಾಯುವ ಹೊತ್ತೂ ಹೆಚ್ಚಬೇಕು. ಕಾಯದೆ ಮುಂದೆ ಬೀಸಿದರೆ ಚಾಟಿಯಂತೆ ಚಟ್ ಎನ್ನುತ್ತದೆ, ಫ್ಲೈ ಕಿತ್ತು ಹೋಗಿರುತ್ತದೆ.

ಎಲ್ಲಕ್ಕಿಂತ ಕಷ್ಟದ್ದು ಮೂರನೆಯದು, ಏಕೆಂದರೆ ಮಾಡುವವರಿಗೆ ಅದು ಗೊತ್ತೇ ಆಗುವುದಿಲ್ಲ. ರಾಡನ್ನು ಹಿಂದೆ ಸರಿಯಾಗಿ ನಿಲ್ಲಿಸಿರುತ್ತಾರೆ, ಲೈನ್ ಬಿಚ್ಚಿಕೊಳ್ಳುವುದನ್ನು ಕಾಯುತ್ತಿರುತ್ತಾರೆ, ಅಷ್ಟರಲ್ಲಿ ಆತುರದ ಕೈ ಮೆಲ್ಲಗೆ ಮುಂದಕ್ಕೆ ತೆವಳಿರುತ್ತದೆ. ಎಸೆತ ನಿಜವಾಗಿ ಶುರುವಾಗುವ ಹೊತ್ತಿಗೆ ಅರ್ಧ ಜಾಗ ಖರ್ಚಾಗಿರುತ್ತದೆ. ಉಳಿದ ಅರ್ಧದಲ್ಲಿ ಪೂರ್ತಿ ಬಲ ತುಂಬಲು ಹೋಗಿ ರಾಡ್ ಅತಿಯಾಗಿ ಬಾಗುತ್ತದೆ. ಮುಂದೆ ಕಂಡ ತಪ್ಪಿನ ಬೇರು ಹಿಂದೆ ಇರುತ್ತದೆ ಎಂದು ನಾವು ಮತ್ತೆ ಮತ್ತೆ ಹೇಳುವುದು ಇದಕ್ಕೇ. ಪಕ್ಕದಿಂದ, ಭುಜದ ಎತ್ತರದಲ್ಲಿ ಮೊಬೈಲ್ ಹಿಡಿದು ಒಬ್ಬರು ವಿಡಿಯೊ ಮಾಡಲಿ. ಹಿಂದೆ ನಿಲ್ಲಿಸಿದಾಗ ರಾಡ್ ಎಲ್ಲಿತ್ತು, ಮುಂದಿನ ಎಸೆತ ಶುರುವಾದಾಗ ಎಲ್ಲಿದೆ, ಎರಡನ್ನೂ ನಿಲ್ಲಿಸಿ ನೋಡಿ. ಜಾಗ ಬದಲಾಗಿದ್ದರೆ ರೋಗ ಸಿಕ್ಕಿತು. ಮದ್ದು ಇದರ ತದ್ವಿರುದ್ಧ: ನಿಲ್ಲಿಸಿದ ಮೇಲೆ, ಲೈನ್ ಬಿಚ್ಚುತ್ತಿರುವಾಗ, ಕೈಯನ್ನು ಒಂದು ಗೇಣು ಹಿಂದಕ್ಕೂ ಮೇಲಕ್ಕೂ ತೇಲಿಬಿಡಿ.

ಇನ್ನೊಂದು ಸಂದರ್ಭ ಹೊಳೆಯ ದಡದಲ್ಲೇ ಹೆಚ್ಚು. ನಾಲ್ಕು ಬಾರಿ ಗಾಳಿಯಲ್ಲೇ ಹಿಂದೆ ಮುಂದೆ ಬೀಸುವಾಗ ಲೂಪ್ ಚೆನ್ನಾಗಿರುತ್ತದೆ, ನೀರಿಗೆ ಬಿಡುವ ಕೊನೆಯ ಎಸೆತದಲ್ಲಿ ಕೆಡುತ್ತದೆ. ಮೀನು ಕಂಡ ಆಸೆಗೆ ಒಂದಿಷ್ಟು ಜಾಸ್ತಿ ಬಲ ಬಿದ್ದಿರುತ್ತದೆ. ಕೊನೆಯದೂ ಹಿಂದಿನ ನಾಲ್ಕರಂತೆಯೇ ಇರಲಿ. ದೂರ ಬೇಕಿದ್ದರೆ ರಾಡ್ ನಿಲ್ಲಿಸಿದ ನಂತರ ಎಡಗೈಯ ಲೈನನ್ನು ಬಿಟ್ಟುಕೊಡಿ.

ಅಭ್ಯಾಸ ಹುಲ್ಲಿನ ಮೇಲೆ ಮಾಡಿ. ಡಾಂಬರು, ಕಾಂಕ್ರೀಟು ಲೈನಿನ ಹೊದಿಕೆಯನ್ನು ಉಜ್ಜಿ ತಿನ್ನುತ್ತವೆ. ಲೈನನ್ನೂ ಗಾಳವನ್ನೂ ಜೋಡಿಸುವ 9 ಅಡಿಯ ತೆಳು ದಾರದ, ಅಂದರೆ ಲೀಡರಿನ, ತುದಿಗೆ ಗಾಳದ ಬದಲು ಉಣ್ಣೆಯ ಸಣ್ಣ ಕುಚ್ಚು ಕಟ್ಟಿ; ಆದರೂ ಕನ್ನಡಕ, ಟೋಪಿ ಬೇಕು. 30 ಅಡಿ ಲೈನ್ ಹೊರಗಿರಲಿ. ಹಿಂದೆ ಎಸೆದು, ನಿಲ್ಲಿಸಿ, ಲೈನನ್ನು ಹುಲ್ಲಿಗೆ ಬೀಳಲು ಬಿಡಿ. ತಿರುಗಿ ನೋಡಿ. ನೆಟ್ಟಗೆ ಬಿದ್ದಿದ್ದರೆ ಅಲ್ಲಿಂದಲೇ ಮುಂದೆ ಎಸೆಯಿರಿ, ಇಲ್ಲದಿದ್ದರೆ ಮತ್ತೆ ಹಿಂದಿನದನ್ನೇ ಮಾಡಿ. ಇದು ಹಿಡಿತಕ್ಕೆ ಬಂದ ಮೇಲೆ ರಾಡನ್ನು ಸೊಂಟದ ಮಟ್ಟದಲ್ಲಿ ಅಡ್ಡ ಹಿಡಿದು ಎಸೆಯಿರಿ. ಲೂಪ್ ಹುಟ್ಟುವುದೂ ಕೆಡುವುದೂ ಕಣ್ಣೆದುರೇ ಕಾಣುತ್ತದೆ. ಆಮೇಲೆ ಬೇಕೆಂದೇ ಟೇಲಿಂಗ್ ಲೂಪ್ ಎಸೆಯಿರಿ. ಫ್ಲೈ ಫಿಶರ್ಸ್ ಇಂಟರ್‌ನ್ಯಾಷನಲ್ ಸಂಸ್ಥೆ ಬೋಧಕರಿಗೆ ನಡೆಸುವ ಪರೀಕ್ಷೆಯಲ್ಲಿ ಇದನ್ನು ಮಾಡಿ ತೋರಿಸಬೇಕಾಗುತ್ತದೆ. ತಪ್ಪನ್ನು ಬೇಕಾದಾಗ ಮಾಡಬಲ್ಲವರಿಗೆ ಬೇಡದಾಗ ಬಿಡುವುದೂ ಬರುತ್ತದೆ. ದಿನಕ್ಕೆ ಹತ್ತು ನಿಮಿಷ ಸಾಕು. ತೋಳು ಸೋತ ಮೇಲೆ ಮುಂದುವರಿಸಿದರೆ ರೂಢಿಯಾಗುವುದು ತಪ್ಪೇ.

ಒಂದು ಗಂಟಿಗೆ ಇಷ್ಟು ಪಾಡು ಯಾಕೆಂದರೆ, ಅದು ದಾರದ ಬಲವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಹಿಮಾಚಲದ ತೀರ್ಥನ್ ನದಿಯಲ್ಲಿ ಬ್ರೌನ್ ಟ್ರೌಟಿಗೆ ಬಳಸುವ 5ಎಕ್ಸ್ ಅಳತೆಯ ಟಿಪೆಟ್, ಅಂದರೆ ಲೀಡರಿನ ತುದಿಯ ಸಣ್ಣ ದಾರ, 0.15 ಮಿಲಿಮೀಟರ್ ದಪ್ಪ. ಅದರ ಅರ್ಧ ಬಲದಲ್ಲಿ ಏನು ಉಳಿದೀತು? ದಾರ ತುಂಡಾದರೆ ನಮಗೆ ಹೋಗುವುದು ಒಂದು ಫ್ಲೈ. ಮೀನು ಬಾಯಲ್ಲಿ ಗಾಳ ಸಿಕ್ಕಿಸಿಕೊಂಡು, ದಾರ ಎಳೆದುಕೊಂಡು ತಿರುಗಬೇಕು. ಮಹಶೀರ್ ಮೀನಿಗೆ 8ನೇ ನಂಬರಿನ ಲೈನ್, ದಪ್ಪ ದಾರ ಹಾಕುವವರು ಗಂಟನ್ನು ಲೆಕ್ಕಿಸುವುದಿಲ್ಲ. ಅಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು, ಮೀನಿನ ಎಳೆತವೂ ಅಷ್ಟೇ ದೊಡ್ಡದು. ನಮ್ಮ ಕಾವೇರಿಯ ಡುಬ್ಬದ ಮಹಶೀರ್ 2018ರಿಂದ ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಅನುಮತಿ ಇರುವ ಕಡೆ ಮಾತ್ರ, ಮುಳ್ಳು ಒತ್ತಿ ಸಪಾಟು ಮಾಡಿದ ಗಾಳದಲ್ಲಿ ಹಿಡಿದು ಬಿಡುವಾಗಲೂ ಅದರ ಬಾಯಲ್ಲಿ ನಮ್ಮ ಲೋಹ ಉಳಿಯಬಾರದು.

ಹತ್ತು ಎಸೆತಕ್ಕೊಮ್ಮೆ ಟಿಪೆಟನ್ನು ಎರಡು ಉಗುರಿನ ನಡುವೆ ಎಳೆದು ನೋಡಿ. ಗಂಟು ಸಡಿಲವಿದ್ದರೆ ಗಾಳದ ಮೊನೆಯಿಂದ ಬಿಡಿಸಿ. ಬಿಗಿದಿದ್ದರೆ ಬಿಡಿಸಲು ಕೂರಬೇಡಿ, ಕತ್ತರಿಸಿ ಹೊಸದು ಕಟ್ಟಿ.

ಗಾಳಿಗೆ ಈ ಕೆಟ್ಟ ಹೆಸರು ಬಂದದ್ದು ಹೇಗೆಂದು ನದಿಯ ಮೇಲೆ ತಿಳಿಯುತ್ತದೆ. ಮಧ್ಯಾಹ್ನವಾಗುತ್ತಲೇ ಕಣಿವೆಯ ಕೆಳಗಿನಿಂದ ಗಾಳಿ ಏರುತ್ತದೆ. ಎದುರುಗಾಳಿ ಕಂಡೊಡನೆ ಎಲ್ಲರೂ ಬಲ ಹೆಚ್ಚಿಸುತ್ತಾರೆ, ಬಲ ಹೆಚ್ಚಿದೊಡನೆ ಗಂಟು. ಎದುರುಗಾಳಿಗೆ ಹಿಂದಿನ ಎಸೆತವನ್ನು ಎತ್ತರಕ್ಕೂ ಮುಂದಿನದನ್ನು ನೀರಿಗೆ ಹತ್ತಿರಕ್ಕೂ ಇಡಿ, ಲೀಡರನ್ನು ಏಳೂವರೆ ಅಡಿಗೆ ಇಳಿಸಿ. ಗಾಳಿ ರಾಡ್ ಹಿಡಿದ ಭುಜದ ಕಡೆಯಿಂದ ಬೀಸಿದರೆ ಲೈನ್ ಮುಖದ ಕಡೆ ಬರುತ್ತದೆ. ಬೆನ್ನು ತಿರುಗಿಸಿ ನಿಂತು ಹಿಂದಿನ ಎಸೆತದಲ್ಲೇ ಫ್ಲೈಯನ್ನು ನೀರಿಗೆ ಬಿಡಿ. ಇದಾವುದೂ ಸಾಲದೆ ಹೋದರೆ ಹತ್ತು ಹೆಜ್ಜೆ ಮುಂದೆ ನಡೆದು 25 ಅಡಿಯಿಂದ ಎಸೆಯಿರಿ. ಗಾಳಿಗೆ ನೀರು ಕದಡಿರುವಾಗ ಟ್ರೌಟ್ ಅಷ್ಟು ಸಮೀಪಕ್ಕೆ ಬಿಟ್ಟುಕೊಳ್ಳುತ್ತದೆ.